ಸೋಂಕುನಿವಾರಕ ಔಷಧಗಳು ಮತ್ತು ಇನ್ಸುಲಿನ್: ದಾದಿಯ ಕೆಲಸದ ಕಡೆಯಿಂದ

ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡಗಳನ್ನು ಓದುವ ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನು ಔಷಧಗಳ ವಿಷಯವಾಗಿ ಲೇಖನ ಬರೆಯಹೊರಡುವುದು ಅಧಿಕಪ್ರಸಂಗವೆಂದು ನಮ್ಮ ಅಧ್ಯಾಪಕರಲ್ಲಿ ಕೆಲವರಿಗಾದರೂ ತೋರಬಹುದು. ಆದರೆ ಇದನ್ನು ಬರೆಯಲು ನನಗೆ ಕಾರಣವುಂಟು. ಕಳೆದ ವರ್ಷ ನಮ್ಮ ತಂದೆಯವರು ಕಾಲಿನ ಹುಣ್ಣಿನ ದೆಸೆಯಿಂದ ಇಪ್ಪತ್ತಮೂರು ದಿವಸ ಆಸ್ಪತ್ರೆಯಲ್ಲಿ ಮಲಗಿದ್ದರು. ಗದ್ದೆಯ ಬದುವಿನಲ್ಲಿ ಮುಳ್ಳು ತುಳಿದದ್ದು ಅವರಿಗೇ ತಿಳಿದಿರಲಿಲ್ಲ. ಪಾದ ಊದಿಕೊಂಡು ಕೀವಾಗಿ, ಅವ್ವ ವಾಸನೆ ಹಿಡಿದ ಮೇಲೆ ಸಂಗತಿ ಹೊರಬಿತ್ತು. ಅವರಿಗೆ ಸಕ್ಕರೆ ರೋಗವಿದೆಯೆಂಬುದೂ ಅಂದೇ ಗೊತ್ತಾದದ್ದು. ಆ ಇಪ್ಪತ್ತಮೂರು ದಿವಸ ಅವರ ಮೈಗೆ ಎರಡು ಬಗೆಯ ಔಷಧಗಳು ಹೋದುವು. ಒಂದು, ರಕ್ತನಾಳದ ಮೂಲಕ ಹನಿಹನಿಯಾಗಿ ಇಳಿಯುವ ಸೋಂಕುನಿವಾರಕ; ಇನ್ನೊಂದು, ಹೊಟ್ಟೆಯ ಚರ್ಮದಡಿಗೆ ಚುಚ್ಚುವ ಇನ್ಸುಲಿನ್. ಬರೆದುಕೊಟ್ಟವರು ವೈದ್ಯರು, ಆದರೆ ಕೊಟ್ಟವರು, ಕಾದವರು, ಕೊಟ್ಟ ಮೇಲೆ ನೋಡಿಕೊಂಡವರು ದಾದಿಯರು. ಸರ್ಕಾರದ ಕಾಗದಗಳಲ್ಲಿ ಈಗ ಅವರನ್ನು ಶುಶ್ರೂಷಾಧಿಕಾರಿಗಳು ಎಂದು ಬರೆಯುತ್ತಾರೆ. ವಾರ್ಡಿನಲ್ಲಿ ಎಲ್ಲರೂ ಸಿಸ್ಟರ್ ಎಂದೇ ಕರೆಯುವುದು. ಅವರಲ್ಲಿ ಹಿರಿಯರೊಬ್ಬರು ನನ್ನ ಪ್ರಶ್ನೆಗಳಿಗೆ ಬೇಸರಪಡದೆ ಉತ್ತರ ಹೇಳಿ, ಕೊನೆಗೆ ತಮ್ಮ ತರಬೇತಿಯ ಕಾಲದ ಪುಸ್ತಕವನ್ನೇ ಓದಲು ಕೊಟ್ಟರು. ಅದರಿಂದ ಕಲಿತುದನ್ನೂ ಕಣ್ಣಾರೆ ಕಂಡುದನ್ನೂ ಇಲ್ಲಿ ಹೇಳುವೆನು.

ಮೊದಲು, ಈ ಎರಡು ಔಷಧಗಳನ್ನು ಒಟ್ಟಿಗೆ ಓದಬೇಕೇಕೆ ಎಂಬ ಪ್ರಶ್ನೆ. ರಕ್ತದಲ್ಲಿ ಸಕ್ಕರೆಯಂಶ ಬಹುಕಾಲ ಹೆಚ್ಚಾಗಿದ್ದರೆ ರೋಗಾಣುಗಳನ್ನು ನುಂಗಬೇಕಾದ ಬಿಳಿಯ ರಕ್ತಕಣಗಳ ಶಕ್ತಿ ಕುಂದುತ್ತದೆ. ಕಾಲಿನ ನರಗಳು ಜಡವಾಗಿ ಗಾಯದ ಅರಿವು ತಪ್ಪುತ್ತದೆ. ಸಣ್ಣ ರಕ್ತನಾಳಗಳು ಕೆಟ್ಟು ಗಾಯಕ್ಕೆ ರಕ್ತವೂ ರಕ್ತದ ಜೊತೆ ಬರಬೇಕಾದ ಔಷಧವೂ ಸರಿಯಾಗಿ ತಲುಪುವುದಿಲ್ಲ. ಇತ್ತ ಸೋಂಕು ತಗುಲಿದೊಡನೆ ದೇಹವು ಅಡ್ರಿನಲಿನ್, ಕಾರ್ಟಿಸೋಲ್ ಮೊದಲಾದ ರಸಗಳನ್ನು ಹೆಚ್ಚಾಗಿ ಸುರಿಸುತ್ತದೆ. ಇವು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಬರುವುದರಿಂದ ಸಕ್ಕರೆ ಮತ್ತಷ್ಟು ಏರುತ್ತದೆ. ಹೀಗೆ ಸಕ್ಕರೆ ಸೋಂಕನ್ನು ಬೆಳೆಸಿದರೆ ಸೋಂಕು ಸಕ್ಕರೆಯನ್ನು ಏರಿಸುತ್ತದೆ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಮದ್ದು ಮಾಡಿದರೆ ಫಲವಿಲ್ಲ.

ಇದಕ್ಕೆ ಚರಿತ್ರೆಯಲ್ಲಿಯೇ ಒಂದು ಮರುಕದ ಉದಾಹರಣೆ ಇದೆ. ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಎಂಬವರು ೧೯೨೧ರಲ್ಲಿ, ಪ್ರೊಫೆಸರ್ ಮೆಕ್ಲಿಯೋಡರ ಪ್ರಯೋಗಶಾಲೆಯಲ್ಲಿ, ನಾಯಿಗಳ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ನನ್ನು ತೆಗೆದರು. ಅದನ್ನು ಮೊಟ್ಟಮೊದಲು ಪಡೆದ ರೋಗಿ ಲಿಯೊನಾರ್ಡ್ ಥಾಮ್ಸನ್ ಎಂಬ ಬಾಲಕ. ೧೯೨೨ರ ಜನವರಿ ೧೧ರಂದು ಕೊಟ್ಟ ಮೊದಲ ಚುಚ್ಚುಮದ್ದಿನಿಂದ ಹೆಚ್ಚಿನ ಫಲ ಕಾಣಲಿಲ್ಲ. ಜೇಮ್ಸ್ ಕಾಲಿಪ್ ಎಂಬ ರಸಾಯನಶಾಸ್ತ್ರಜ್ಞರು ಔಷಧವನ್ನು ಶುದ್ಧಿಮಾಡಿಕೊಟ್ಟ ಮೇಲೆ, ಅದೇ ತಿಂಗಳ ೨೩ರಂದು ಮತ್ತೆ ಕೊಡಲಾಗಿ, ಎಲುಬಿನ ಗೂಡಾಗಿದ್ದ ಹುಡುಗ ಚೇತರಿಸಿಕೊಂಡ. ಆತ ಮತ್ತೆ ಹದಿಮೂರು ವರ್ಷ ಬದುಕಿ, ೧೯೩೫ರಲ್ಲಿ ನ್ಯುಮೋನಿಯದಿಂದ ತೀರಿಕೊಂಡ. ಸಕ್ಕರೆ ರೋಗಕ್ಕೆ ಮದ್ದು ಸಿಕ್ಕಿತ್ತು. ಸೋಂಕಿಗೆ ಇನ್ನೂ ಸಿಕ್ಕಿರಲಿಲ್ಲ. ಸಲ್ಫಾ ಔಷಧಗಳಿಗೆ ದಾರಿ ತೆರೆದ ಪ್ರಾಂಟೊಸಿಲ್ ಎಂಬ ಕೆಂಪು ಬಣ್ಣದ ವಸ್ತುವಿನ ಗುಣವನ್ನು ಜರ್ಮನಿಯ ಗೆರ್‌ಹಾರ್ಡ್ ಡೊಮಾಕರು ಪ್ರಕಟಿಸಿದ್ದು ಅದೇ ೧೯೩೫ರಲ್ಲಿ!

ಪೆನಿಸಿಲಿನ್ನಿನ ಕಥೆ ಎಲ್ಲರೂ ಕೇಳಿರುವುದೇ. ೧೯೨೮ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಅಲೆಗ್ಸಾಂಡರ್ ಫ್ಲೆಮಿಂಗ್ ಅವರು ಬೂಷ್ಟಿನ ಸುತ್ತ ಕ್ರಿಮಿಗಳು ಕರಗಿದ್ದನ್ನು ಕಂಡರು ಎಂಬಲ್ಲಿಗೆ ನಮ್ಮ ಶಾಲೆಯ ಪಾಠ ಮುಗಿದುಹೋಗುತ್ತದೆ. ದಾದಿಯ ದೃಷ್ಟಿಯಿಂದ ಮುಖ್ಯವಾದುದು ಅನಂತರದ ಭಾಗ. ಆಕ್ಸ್‌ಫರ್ಡಿನಲ್ಲಿ ಫ್ಲೋರಿ, ಚೇನ್, ಹೀಟ್ಲಿ ಇವರು ಆ ಬೂಷ್ಟಿನಿಂದ ಔಷಧವನ್ನು ಬೇರ್ಪಡಿಸಿ, ೧೯೪೧ರ ಫೆಬ್ರವರಿಯಲ್ಲಿ ಆಲ್ಬರ್ಟ್ ಅಲೆಗ್ಸಾಂಡರ್ ಎಂಬ ಪೊಲೀಸಿನವನಿಗೆ ಕೊಟ್ಟರು. ಮುಖದ ತುಂಬ ಕೀವಾಗಿ, ಒಂದು ಕಣ್ಣನ್ನೂ ಕಳೆದುಕೊಂಡಿದ್ದ ಆತ ಕೆಲವೇ ದಿನಗಳಲ್ಲಿ ಎದ್ದು ಊಟ ಮಾಡುವಷ್ಟಾದ. ಆದರೆ ಔಷಧ ಸಾಲದೆ ಬಂತು. ಪೆನಿಸಿಲಿನ್ ಮೂತ್ರದಲ್ಲಿ ಬೇಗಬೇಗನೆ ಹೊರಟುಹೋಗುತ್ತದೆಯಾದ್ದರಿಂದ, ಆತನ ಮೂತ್ರವನ್ನೇ ಪ್ರಯೋಗಶಾಲೆಗೆ ಒಯ್ದು ಅದರಿಂದ ಪೆನಿಸಿಲಿನ್ ತೆಗೆದು ಮತ್ತೆ ಆತನಿಗೇ ಕೊಟ್ಟರು. ಅದೂ ಮುಗಿಯಿತು. ಸೋಂಕು ಮರುಕಳಿಸಿ ಮಾರ್ಚ್ ೧೫ರಂದು ಆತ ತೀರಿಕೊಂಡ. ಔಷಧ ಕೆಲಸ ಮಾಡದೆ ಆತ ಸಾಯಲಿಲ್ಲ. ಪೂರ್ತಿ ಅವಧಿಗೆ ಸಿಗದೆ ಸತ್ತ.

ಈ ಕಥೆ ನನಗೆ ಆಸ್ಪತ್ರೆಯಲ್ಲಿ ತಿಳಿದ ಸಂದರ್ಭ ಸ್ವಲ್ಪ ನಾಚಿಕೆಯದು. ತಂದೆಯವರಿಗೆ ಒಂದು ಚುಚ್ಚುಮದ್ದನ್ನು ಎಂಟು ಗಂಟೆಗೊಮ್ಮೆ ಬರೆದಿದ್ದರು: ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಹತ್ತು. ಒಂದು ರಾತ್ರಿ ನೋವಿನಿಂದ ನರಳಿ ಆಗತಾನೇ ನಿದ್ದೆ ಹೋಗಿದ್ದ ಅವರನ್ನು ಸಿಸ್ಟರ್ ಎಬ್ಬಿಸಲು ಬಂದಾಗ ನಾನು ಅಡ್ಡನಿಂತು, “ಬೆಳಿಗ್ಗೆ ಎರಡೂ ಸೇರಿಸಿ ಕೊಟ್ಟರಾಗದೇ?” ಎಂದುಬಿಟ್ಟೆ. ಅವರು ಸಿಟ್ಟಾಗಲಿಲ್ಲ. “ತಮ್ಮಾ, ಕೆರೆ ತೂಬು ತೆಗೆದಿದ್ದಾಗ ನೀರು ನಿಲ್ಲಬೇಕಾದರೆ ಮೇಲಿನಿಂದ ಬರುತ್ತಲೇ ಇರಬೇಕಲ್ಲವೇ?” ಎಂದು, ಕೆಲಸ ಮುಗಿಸಿಯೇ ಹೋದರು. ಮರುದಿನ ಪುಸ್ತಕದಲ್ಲಿ ಅದೇ ಅಧ್ಯಾಯವನ್ನು ತೋರಿಸಿದರು. ಪೆನಿಸಿಲಿನ್ ಮತ್ತು ಅದರ ಬಳಗದ ಔಷಧಗಳು ರೋಗಾಣುವಿನ ಹೊರಗೋಡೆ ಕಟ್ಟುವ ಕೆಲಸವನ್ನು ಕೆಡಿಸುತ್ತವೆ. ರಕ್ತದಲ್ಲಿ ಅವುಗಳ ಪ್ರಮಾಣ ಒಂದು ಮಟ್ಟಕ್ಕಿಂತ ಮೇಲೆ ಎಷ್ಟು ಹೊತ್ತು ನಿಲ್ಲುವುದೆಂಬುದರ ಮೇಲೆಯೇ ಗುಣ ನಿಂತಿದೆ. ಒಂದೇ ಸಲಕ್ಕೆ ಇಮ್ಮಡಿ ಕೊಟ್ಟರೆ ಇಮ್ಮಡಿ ಗುಣವಾಗದು. ನಡುವಿನ ಬರಿದಾದ ಗಂಟೆಗಳಲ್ಲಿ ಉಳಿದ ರೋಗಾಣುಗಳು ಮತ್ತೆ ಬೆಳೆಯುತ್ತವೆ. ಜೆಂಟಮೈಸಿನ್, ಅಮಿಕಾಸಿನ್ ಇವುಗಳ ರೀತಿ ಬೇರೆ. ಇವು ರೋಗಾಣುವಿನ ಒಳಗೆ ಪ್ರೋಟೀನು ತಯಾರಾಗುವುದನ್ನು ಕೆಡಿಸುತ್ತವೆ, ರಕ್ತದಲ್ಲಿ ಒಮ್ಮೆ ಎತ್ತರಕ್ಕೇರಿದರೆ ಪರಿಣಾಮ ಹೆಚ್ಚು. ಆದ್ದರಿಂದ ಅನೇಕ ವೇಳೆ ದಿನಕ್ಕೊಂದೇ ಸಲ ಕೊಡುವುದುಂಟು. ಆದುದರಿಂದ ಚೀಟಿಯ ಮೇಲಿನ ವೇಳೆಯು ಅನುಕೂಲಕ್ಕಾಗಿ ಬರೆದುದಲ್ಲ, ಅದೂ ಔಷಧದ ಒಂದು ಭಾಗವೇ.

ಸೋಂಕುನಿವಾರಕವನ್ನು ಕೊಡುವ ಮುನ್ನ ದಾದಿ ಮಾಡಬೇಕಾದುದು ಹಲವಿದೆ. ಕೀವನ್ನೋ ರಕ್ತವನ್ನೋ ಪರೀಕ್ಷೆಗೆ ಕಳುಹಿಸಬೇಕಾಗಿದ್ದರೆ ಸಾಧ್ಯವಾದಮಟ್ಟಿಗೆ ಮೊದಲ ಮದ್ದು ಬೀಳುವ ಮುಂಚೆಯೇ ತೆಗೆದಿಡಬೇಕು. ಮದ್ದು ಬಿದ್ದ ಮೇಲೆ ತೆಗೆದರೆ ಪ್ರಯೋಗಶಾಲೆಯಲ್ಲಿ ರೋಗಾಣು ಬೆಳೆಯದೆ, ಯಾವ ಔಷಧಕ್ಕೆ ಅದು ಬಗ್ಗುವುದೆಂಬುದು ತಿಳಿಯದೆ ಹೋಗಬಹುದು. ಆಮೇಲೆ, ಹಿಂದೆ ಯಾವುದಾದರೂ ಚುಚ್ಚುಮದ್ದು ಒಗ್ಗದೆ ಹೋಗಿತ್ತೇ ಎಂದು ಕೇಳಬೇಕು. “ಅಲರ್ಜಿ ಇದೆಯೇ?” ಎಂದು ಕೇಳಿದರೆ ನಮ್ಮ ಹಳ್ಳಿಯವರು ಇಲ್ಲವೆಂದೇ ಹೇಳುತ್ತಾರೆ, ಆ ಮಾತೇ ಅವರಿಗೆ ತಿಳಿಯದು. “ಯಾವ ಸೂಜಿ ಮದ್ದಿಗಾದರೂ ಮೈಯೆಲ್ಲ ದದ್ದು ಎದ್ದಿತ್ತೇ, ಉಸಿರು ಕಟ್ಟಿತ್ತೇ?” ಎಂದು ಕೇಳಿದರೆ ಉತ್ತರ ಬರುತ್ತದೆ. ಆ ಸಿಸ್ಟರ್ ಕೇಳುತ್ತಿದ್ದುದು ಹೀಗೆಯೇ. ಕೊಟ್ಟ ಮೇಲೆ ತುರಿಕೆ, ಏದುಸಿರು, ನಾಡಿ ಕುಸಿತ ಕಂಡರೆ ಔಷಧವನ್ನು ತಕ್ಷಣ ನಿಲ್ಲಿಸಿ ಅಡ್ರಿನಲಿನ್ನನ್ನು ತೊಡೆಯ ಸ್ನಾಯುವಿಗೆ ಚುಚ್ಚಬೇಕಾಗುತ್ತದೆ. ಅದನ್ನು ಹುಡುಕಲು ಓಡುವಂತಿರಬಾರದು, ತಟ್ಟೆಯಲ್ಲಿ ಹತ್ತಿರವೇ ಇರಬೇಕು.

ಒಂದೊಂದು ಔಷಧಕ್ಕೂ ಒಂದೊಂದು ಸ್ವಭಾವ. ವ್ಯಾಂಕೊಮೈಸಿನ್ನನ್ನು ಅವಸರದಲ್ಲಿ ಇಳಿಸಿದರೆ ಮುಖ ಕತ್ತುಗಳು ಕೆಂಪೇರಿ ರಕ್ತದೊತ್ತಡ ಬೀಳುತ್ತದೆ. ಕಡಮೆಯೆಂದರೆ ಒಂದು ಗಂಟೆ ಬೇಕು. ಸೆಫ್ಟ್ರಿಯಾಕ್ಸೋನನ್ನು ರಿಂಗರ್ ಲ್ಯಾಕ್ಟೇಟ್ ಇಳಿಯುತ್ತಿರುವ ಕೊಳವೆಯಲ್ಲಿಯೇ ಬೆರೆಸಬಾರದು. ಆ ದ್ರವದಲ್ಲಿರುವ ಕ್ಯಾಲ್ಸಿಯಂ ಅದರೊಡನೆ ಕೂಡಿ ಹರಳುಗಟ್ಟುತ್ತದೆ. ಜೆಂಟಮೈಸಿನ್, ಅಮಿಕಾಸಿನ್‌ಗಳು ಮೂತ್ರಪಿಂಡವನ್ನೂ ಒಳಗಿವಿಯನ್ನೂ ಕೆಡಿಸಬಲ್ಲವು, ಆದ್ದರಿಂದಲೇ ಮೂತ್ರವನ್ನು ಅಳೆದು ಬರೆಯುವುದು, “ಕಿವಿಯಲ್ಲಿ ಗುಂಯ್ ಎನ್ನುತ್ತದೆಯೇ ಯಜಮಾನ್ರೇ?” ಎಂದು ದಿನವೂ ಕೇಳುವುದು. ನಾನು ಇದನ್ನು ಬರಿಯ ಉಪಚಾರದ ಮಾತೆಂದು ತಿಳಿದಿದ್ದೆ! ಸಕ್ಕರೆ ರೋಗಿಯ ಮೂತ್ರಪಿಂಡ ಮೊದಲೇ ದಣಿದಿರುವುದುಂಟಾದುದರಿಂದ ಅವನ ವಿಷಯದಲ್ಲಿ ಈ ಪ್ರಶ್ನೆಗೆ ಇಮ್ಮಡಿ ಬೆಲೆ. ಸಿಪ್ರೊಫ್ಲಾಕ್ಸಾಸಿನ್, ಟೆಟ್ರಾಸೈಕ್ಲಿನ್ ಮಾತ್ರೆಗಳನ್ನು ಹಾಲಿನೊಡನೆ ನುಂಗಿದರೆ ಹಾಲಿನ ಕ್ಯಾಲ್ಸಿಯಂ ಅವುಗಳನ್ನು ಹಿಡಿದುಕೊಂಡು ರಕ್ತಕ್ಕೆ ಸೇರಗೊಡುವುದಿಲ್ಲ. ‘ಮಾತ್ರೆ ಉಷ್ಣ, ಹಾಲು ಕುಡಿ’ ಎಂಬ ನಮ್ಮ ಮನೆಗಳ ಬುದ್ಧಿವಾದ ಇಲ್ಲಿ ಕೈಕೊಡುತ್ತದೆ.

ಈ ಎರಡು ಔಷಧವರ್ಗಗಳ ನಡುವೆ ಒಂದು ಗುಟ್ಟಿನ ನಂಟೂ ಇದೆ. ೧೯೪೨ರಲ್ಲಿ, ಫ್ರಾನ್ಸಿನ ಮೋಂಪೆಲಿಯೆ ನಗರದಲ್ಲಿ ಮಾರ್ಸೆಲ್ ಝಾಂಬೋನ್ ಎಂಬ ವೈದ್ಯರು ವಿಷಮಶೀತಜ್ವರದ ರೋಗಿಗಳಿಗೆ ಹೊಸದೊಂದು ಸಲ್ಫಾ ಔಷಧವನ್ನು ಕೊಡುತ್ತಿದ್ದಾಗ ಕೆಲವರ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿದುದನ್ನು ಕಂಡರು. ಅದೇ ಊರಿನ ಲೂಬಾಟಿಯೇರ್ ಎಂಬವರು ಇದರ ಜಾಡು ಹಿಡಿದು, ಆ ವಸ್ತುವು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ನನ್ನು ಹೊರಡಿಸುತ್ತದೆಯೆಂದು ತೋರಿಸಿದರು. ಇಂದು ಲಕ್ಷಾಂತರ ಜನ ನುಂಗುವ ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಮೊದಲಾದ ಸಕ್ಕರೆ ಮಾತ್ರೆಗಳು ಆ ವಂಶದವು. ಅಂದರೆ ಸಕ್ಕರೆ ಮಾತ್ರೆಯು ಸೋಂಕಿನ ಔಷಧದ ಹೊಟ್ಟೆಯಿಂದ ಹುಟ್ಟಿತು! ಈ ನಂಟಿನ ಕೆಡುಕಿನ ಮುಖವೂ ಉಂಟು. ಸಿಪ್ರೊಫ್ಲಾಕ್ಸಾಸಿನ್ ಬಳಗದ ಔಷಧಗಳು ಸಕ್ಕರೆ ರೋಗಿಯ ರಕ್ತದ ಸಕ್ಕರೆಯನ್ನು ಏರುಪೇರು ಮಾಡುವುದುಂಟು. ಅದೇ ಬಳಗದ ಗ್ಯಾಟಿಫ್ಲಾಕ್ಸಾಸಿನ್ ಮಾತ್ರೆ ಚುಚ್ಚುಮದ್ದುಗಳನ್ನು ಭಾರತ ಸರ್ಕಾರವು ೨೦೧೧ರಲ್ಲಿ ನಿಷೇಧಿಸಿತು. ಆದ್ದರಿಂದ ಹೊಸ ಸೋಂಕುನಿವಾರಕವನ್ನು ಆರಂಭಿಸಿದ ದಿನಗಳಲ್ಲಿ ಬೆರಳು ಚುಚ್ಚಿ ಸಕ್ಕರೆ ನೋಡುವ ಕೆಲಸವನ್ನು ದಾದಿ ಸಡಿಲ ಬಿಡುವುದಿಲ್ಲ.

ಇನ್ನು ಇನ್ಸುಲಿನ್. ಬಹುಕಾಲ ಇದನ್ನು ದನ ಹಂದಿಗಳ ಗ್ರಂಥಿಗಳಿಂದ ತೆಗೆಯುತ್ತಿದ್ದರು. ೧೯೮೨ರಿಂದೀಚೆಗೆ, ಮಾನವನ ಇನ್ಸುಲಿನ್ನನ್ನೇ ಸೂಕ್ಷ್ಮಜೀವಿಗಳಿಂದ ಮಾಡಿಸಿ ಮಾರುವುದು ಬಳಕೆಗೆ ಬಂತು. ಇದರಲ್ಲಿ ಬಗೆಗಳಿವೆ. ರೆಗ್ಯುಲರ್ ಎಂಬುದು ನೀರಿನಂತೆ ತಿಳಿಯಾದುದು. ಚುಚ್ಚಿದ ಅರ್ಧ ಗಂಟೆಗೆ ಕೆಲಸ ಹಿಡಿದು, ಎರಡರಿಂದ ನಾಲ್ಕು ಗಂಟೆಗಳಲ್ಲಿ ಮೇಲೇರಿ, ಆರೆಂಟು ಗಂಟೆಗೆ ಮುಗಿಯುತ್ತದೆ. ಆದ್ದರಿಂದ ಊಟಕ್ಕೆ ಅರ್ಧ ಗಂಟೆ ಮೊದಲು ಕೊಡುವುದು. ಎನ್.ಪಿ.ಎಚ್. ಎಂಬುದು ಹಾಲುಹಾಲಾಗಿದ್ದು ನಿಧಾನವಾಗಿ ಅರ್ಧ ದಿನಕ್ಕೂ ಮಿಕ್ಕು ನಡೆಯುತ್ತದೆ. ಇವೆರಡನ್ನೂ ೩೦ಕ್ಕೆ ೭೦ರಂತೆ ಬೆರೆಸಿದ ಸೀಸೆಯೇ ನಮ್ಮ ಕಡೆ ಬಹುಮಂದಿಗೆ ಸಿಗುವುದು, ತಂದೆಯವರಿಗೂ ಅದೇ. ಗ್ಲಾರ್ಜಿನ್ ಎಂಬುದು ಸುಮಾರು ಇಪ್ಪತ್ತನಾಲ್ಕು ಗಂಟೆ ನಡೆಯುವುದು. ತಿಳಿಯಾಗಿಯೇ ಕಂಡರೂ ಅದನ್ನು ಬೇರೆ ಯಾವುದರೊಡನೆಯೂ ಒಂದೇ ಸಿರಿಂಜಿನಲ್ಲಿ ಬೆರೆಸಕೂಡದು. ರೆಗ್ಯುಲರ್, ಎನ್.ಪಿ.ಎಚ್.ಗಳನ್ನು ಒಂದೇ ಸಿರಿಂಜಿಗೆ ಎಳೆಯುವಾಗ ತಿಳಿ ಮೊದಲು, ಹಾಲು ಆಮೇಲೆ. ಹಾಲಿನದು ಒಂದು ಹನಿ ತಿಳಿಯ ಸೀಸೆಗೆ ಸೇರಿದರೂ ಅದರ ಬಿರುಸು ಕೆಡುತ್ತದೆ. ಹಾಲಿನಂಥ ಸೀಸೆಯನ್ನು ಎರಡು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಬೇಕಲ್ಲದೆ ಕುಲುಕಬಾರದು. ಚುಚ್ಚುವ ಜಾಗವನ್ನು ಪ್ರತಿಸಲವೂ ಬೆರಳಗಲ ಬದಲಾಯಿಸಬೇಕು. ಒಂದೇ ಕಡೆ ಚುಚ್ಚಿದರೆ ಕೊಬ್ಬು ಗಂಟುಕಟ್ಟಿ, ಅಲ್ಲಿ ನೋವು ಕಡಮೆಯೆಂದು ರೋಗಿ ಅಲ್ಲಿಗೇ ಕೇಳುತ್ತಾನೆ. ಆದರೆ ಆ ಗಂಟಿನೊಳಗಿಂದ ಔಷಧ ಒಂದು ದಿನ ಇದ್ದಂತೆ ಇನ್ನೊಂದು ದಿನ ಹೊರಡುವುದಿಲ್ಲ.

ಇನ್ಸುಲಿನ್ನನ್ನು ತೂಕದಲ್ಲಿ ಹೇಳುವ ವಾಡಿಕೆಯಿಲ್ಲ, ಯೂನಿಟ್ಟುಗಳಲ್ಲಿ ಹೇಳುವುದು. ವೈದ್ಯರ ಚೀಟಿಯಲ್ಲಿ ಆ ಪದವನ್ನು ಪೂರ್ತಿಯಾಗಿ ಬರೆಯಬೇಕೆಂಬ ನಿಯಮವಿದೆ. ಇಂಗ್ಲಿಷಿನ ಮೊದಲಕ್ಷರವೊಂದನ್ನೇ ಬರೆದರೆ ಅವಸರದಲ್ಲಿ ಅದು ಸೊನ್ನೆಯಂತೆ ಕಂಡು ೧೦ ಯೂನಿಟ್ ೧೦೦ ಆದೀತು. ದಾದಿಯರು ಇನ್ಸುಲಿನ್ನನ್ನು ಎಳೆದ ಮೇಲೆ ಇನ್ನೊಬ್ಬರಿಗೆ ತೋರಿಸಿ ಕೊಡುವುದು ಇದಕ್ಕಾಗಿಯೇ. ನಮ್ಮ ದೇಶದಲ್ಲಿ ಸೀಸೆಗಳು ಎರಡು ಬಲದವು: ಒಂದು ಮಿಲಿಲೀಟರಿಗೆ ೪೦ ಯೂನಿಟ್ಟಿನದು, ಮತ್ತು ೧೦೦ ಯೂನಿಟ್ಟಿನದು. ಅವಕ್ಕೆ ತಕ್ಕ ಸಿರಿಂಜುಗಳೂ ಎರಡು. ೪೦ರದಕ್ಕೆ ಕೆಂಪು ಮುಚ್ಚಳ, ೧೦೦ರದಕ್ಕೆ ಕಿತ್ತಳೆ ಮುಚ್ಚಳ. ಇದು ಪುಸ್ತಕದಲ್ಲಿ ಎರಡು ಸಾಲಿನ ಸಂಗತಿ. ನಾನು ಇದನ್ನು ಕಲಿತ ಬಗೆಯನ್ನು ಹೇಳಲೇಬೇಕು.

ಆಸ್ಪತ್ರೆಯಿಂದ ಬಂದ ಮೇಲೆ ಮನೆಯಲ್ಲಿ ಚುಚ್ಚುವ ಕೆಲಸ ನನ್ನದಾಯಿತು. ಮನೆಯಲ್ಲಿ ಅಕ್ಷರ ಬಲ್ಲವನು ನಾನೊಬ್ಬನೇ. ಬೆಳಿಗ್ಗೆ ೨೦, ರಾತ್ರಿ ೧೨ ಯೂನಿಟ್. ಕೊಟ್ಟು ಕಳುಹಿಸಿದ್ದ ಸಿರಿಂಜುಗಳು ಮುಗಿದಾಗ ಪೇಟೆಯ ಒಂದು ಅಂಗಡಿಯಲ್ಲಿ “ಇನ್ಸುಲಿನ್ ಸಿರಿಂಜು ಕೊಡಿ” ಎಂದು ಕೇಳಿ ತಂದೆ. ಯಾವುದೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮುಚ್ಚಳದ ಬಣ್ಣ ಬೇರೆಯಾಗಿದ್ದುದನ್ನು ನೋಡಿದೆ, ಬೇರೆ ಕಂಪೆನಿಯದಿರಬೇಕೆಂದುಕೊಂಡೆ. ೨೦ರ ಗೆರೆಗೆ ಸರಿಯಾಗಿ, ಗುಳ್ಳೆಯಿಲ್ಲದಂತೆ, ಬಹಳ ಶ್ರದ್ಧೆಯಿಂದ ಎಳೆದು ಒಂಬತ್ತು ದಿನ ಚುಚ್ಚಿದೆ. ಗಾಯ ಮತ್ತೆ ಒಸರತೊಡಗಿತು. ಬಾಯಾರಿಕೆಯೆಂದು ತಂದೆಯವರು ರಾತ್ರಿ ಚೆಂಬುಗಟ್ಟಲೆ ನೀರು ಕುಡಿದರು. ಗಾಯ ಕಟ್ಟಿಸಲು ಹೋದಾಗ ಸಕ್ಕರೆ ೩೮೦ ಇತ್ತು. ಅನ್ನ ಹೆಚ್ಚು ತಿಂದರೋ ಎಂದು ಅವ್ವನನ್ನು ಗದರಿದವನೂ ನಾನೇ. ಅದೇ ಸಿಸ್ಟರ್, “ನೀನು ಹೇಗೆ ಎಳೆಯುತ್ತೀಯ, ನನಗೊಂದು ಸಲ ತೋರಿಸು” ಎಂದರು. ಚೀಲದಿಂದ ಸಿರಿಂಜು ತೆಗೆದೆ. ಅವರು ಸೀಸೆಯನ್ನೂ ಸಿರಿಂಜನ್ನೂ ಅಕ್ಕಪಕ್ಕ ಹಿಡಿದು, ಏನೂ ಹೇಳದೆ, ಒಂದು ಚೀಟಿಯ ಮೇಲೆ ಲೆಕ್ಕ ಬರೆದರು.

ಆ ಲೆಕ್ಕ ಇದು. ೧೦೦ರ ಸಿರಿಂಜಿನಲ್ಲಿ ೨೦ರ ಗೆರೆಯೆಂದರೆ ೦.೨ ಮಿಲಿಲೀಟರು. ಸೀಸೆ ೪೦ರದು, ೦.೨ನ್ನು ೪೦ರಿಂದ ಗುಣಿಸಿದರೆ ೮. ಇಪ್ಪತ್ತು ಯೂನಿಟ್ ಕೊಡುತ್ತಿದ್ದೇನೆಂದು ತಿಳಿದು ನಾನು ಕೊಡುತ್ತಿದ್ದುದು ಎಂಟು. ರಾತ್ರಿಯ ಹನ್ನೆರಡು ಐದೂ ಅಲ್ಲ. ತಪ್ಪು ತಿರುವುಮುರುವಾಗಿ ನಡೆದಿದ್ದರೆ, ಎಂದರೆ ೧೦೦ರ ಸೀಸೆಯಿಂದ ೪೦ರ ಸಿರಿಂಜಿನ ೨೦ರ ಗೆರೆಗೆ ಎಳೆದಿದ್ದರೆ, ಅದು ಅರ್ಧ ಮಿಲಿಲೀಟರು, ೫೦ ಯೂನಿಟ್. ಅವರು ಆ ಎರಡನೆಯ ಲೆಕ್ಕದ ಕೆಳಗೆ ಗೆರೆ ಎಳೆದು ಚೀಟಿಯನ್ನು ನನ್ನ ಕೈಗೆ ಕೊಟ್ಟರು. ಗದರಲಿಲ್ಲ. ಅಷ್ಟಕ್ಕೂ ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತದಲ್ಲಿ ನನಗೆ ಒಳ್ಳೆಯ ಅಂಕಗಳೇ ಬಂದಿದ್ದವು.

ಸರಿಯಾದ ಸಿರಿಂಜಿಗೆ ಮರಳಿದ ಮೇಲೆ ಇನ್ನೊಂದು ಪಾಠವಾಯಿತು. ಮೂರು ವಾರಗಳಲ್ಲಿ ಗಾಯದ ಸೋಂಕು ಅಡಗಿತು. ಸೋಂಕು ಅಡಗಿದರೆ ಇನ್ಸುಲಿನ್ನಿನ ಅಗತ್ಯವೂ ತಗ್ಗುತ್ತದೆ. ಸೋಂಕಿನ ಕಾಲಕ್ಕೆ ಸರಿಯಾಗಿದ್ದ ೨೦ ಈಗ ಹೆಚ್ಚಾಯಿತು. ಮದುವೆಯೊಂದರಲ್ಲಿ ಊಟ ತಡವಾದ ದಿನ ತಂದೆಯವರ ಕೈ ನಡುಗಿ, ಹಣೆಯಲ್ಲಿ ಬೆವರೊಡೆದು, ಮಾತು ತಡವರಿಸಿತು. ಬಿಸಿಲಿನ ಝಳವೆಂದು ಜನ ಗಾಳಿ ಬೀಸಿದರು. ನಾನು ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿದೆ. ಕಾಲು ಗಂಟೆಯಲ್ಲಿ ತಿಳಿವು ಬಂತು, ಆಮೇಲೆ ಊಟ ಮಾಡಿಸಿದೆ. ರಕ್ತದ ಸಕ್ಕರೆ ೭೦ಕ್ಕಿಂತ ಇಳಿದರೆ ಸುಮಾರು ೧೫ ಗ್ರಾಂ ಸಕ್ಕರೆ ಕೊಟ್ಟು ೧೫ ನಿಮಿಷಕ್ಕೆ ಮತ್ತೆ ನೋಡಬೇಕೆಂಬುದು ಪುಸ್ತಕದ ಮಾತು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಕೂಡದು, ಶ್ವಾಸನಾಳಕ್ಕೆ ಇಳಿದೀತು. ಅಂಥವರಿಗೆ ರಕ್ತನಾಳದಲ್ಲಿ ಗ್ಲೂಕೋಸ್ ಕೊಡಬೇಕು, ಆಸ್ಪತ್ರೆಗೆ ಒಯ್ಯಬೇಕು. ಮರುದಿನವೇ ಹೋಗಿ ಹೇಳಲು ವೈದ್ಯರು ಬೆಳಗಿನ ಪ್ರಮಾಣವನ್ನು ೧೪ಕ್ಕೆ ಇಳಿಸಿದರು.

ಸೀಸೆಯನ್ನು ಇಡುವ ವಿಚಾರ ಒಂದು ಉಳಿಯಿತು. ತೆರೆಯದ ಸೀಸೆಗೆ ೨ರಿಂದ ೮ ಡಿಗ್ರಿ ತಂಪು ಬೇಕು, ಆದರೆ ಹೆಪ್ಪುಗಟ್ಟಬಾರದು. ಹೆಪ್ಪುಗಟ್ಟಿ ಕರಗಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಬಳಸುತ್ತಿರುವ ಸೀಸೆ, ಬಿಸಿಲು ಸೆಕೆ ತಾಗದಿದ್ದರೆ, ಸುಮಾರು ನಾಲ್ಕು ವಾರ ಹೊರಗೆ ಇದ್ದೀತು. ನಮ್ಮ ಮನೆಯಲ್ಲಿ ಫ್ರಿಜ್ ಇಲ್ಲ. ಒಂದು ಮಡಕೆಯಲ್ಲಿ ಮರಳು ತುಂಬಿ, ನೀರು ಚಿಮುಕಿಸಿ, ನಡುವೆ ಸಣ್ಣ ಕುಡಿಕೆಯಿಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಸೀಸೆಯನ್ನು ಅದರಲ್ಲಿರಿಸಿ ಒದ್ದೆ ಬಟ್ಟೆ ಮುಚ್ಚಿದ್ದೇವೆ. ಅದನ್ನು ನೋಡಿಕೊಳ್ಳುವವಳು ಅವ್ವ. ನಾನು ಪರೀಕ್ಷೆಗೆಂದು ಹಾಸ್ಟೆಲಿನಲ್ಲಿ ಉಳಿದ ವಾರಗಳಲ್ಲಿ ಚುಚ್ಚಿದವಳೂ ಅವಳೇ. ಅಂಕಿಗಳು ಅವಳಿಗೆ ಬಾರವು. ಸಿರಿಂಜಿನ ಮೇಲೆ ೧೪ರ ಗೆರೆಗೆ ನಾನು ಹಚ್ಚಿಟ್ಟ ಉಗುರುಬಣ್ಣದ ಚುಕ್ಕೆಯೇ ಅವಳ ಲೆಕ್ಕ. ಅಂಗಡಿಗೆ ಹೋದರೆ ಕಟ್ಟು ಬಿಚ್ಚಿಸಿ ನೋಡಿ, “ಕೆಂಪು ಟೋಪಿದೇ ಕೊಡಪ್ಪಾ, ಕಿತ್ತಳೆದು ಬ್ಯಾಡ” ಎನ್ನುತ್ತಾಳೆ.